ಈ ಸಲ ಮಿಂಚುವ ಹೊಸಬ ಯಾರು?

(ಎನ್‌ಎಚ್‌ಎಲ್ ಹಾಕಿ ಸೀಸನ್ ಶುರುವಾಗುವ ಹೊತ್ತಿಗೆ ಮಿಸಿಸಾಗಾದಲ್ಲಿ ಸೇರಿದ್ದ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೊಡಗಿನವರು ಕೂತಿದ್ದೀರಿ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಇದು ನಿಮ್ಮ ಹಾಕಿ ಅಲ್ಲ. ಐಸ್ ಮೇಲೆ ಸ್ಕೇಟ್ ಹಾಕಿಕೊಂಡು ಆಡುವ ಹಾಕಿ, ಅದರಲ್ಲೂ ಅಮೆರಿಕ ಮತ್ತು ಕೆನಡಾದ ದೊಡ್ಡ ಲೀಗ್ ಎನ್‌ಎಚ್‌ಎಲ್. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನಮ್ಮಲ್ಲಿ ತುಂಬ ಜನ ಸುಮ್ನೆ ಟಿವಿ ಹಾಕಿ ಕೂತವರು. ಪಕ್, ಅಂದರೆ ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ, ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ ಅಲ್ವಾ? ಈಗ ನೋಡಿದರೆ ಆಫೀಸಿನ ಪೂಲ್‌ನಲ್ಲಿ, ಅಂದರೆ ದುಡ್ಡು ಕಟ್ಟಿ ಸರದಿಯಂತೆ ಆಟಗಾರರನ್ನು ಆರಿಸಿಕೊಂಡು ಅವರ ಪಾಯಿಂಟ್ ಎಣಿಸುವ ಸ್ಪರ್ಧೆಯಲ್ಲಿ, ಎಲ್ಲರಿಗಿಂತ ಮುಂದೆ ನಾವೇ.

ಸೆಪ್ಟೆಂಬರ್ ಬಂದರೆ ಆ ಪೂಲ್‌ನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಕಾಲ್ಡರ್ ಯಾರಿಗೆ? ಅಂದರೆ, ಹೊಸದಾಗಿ ಲೀಗ್‌ಗೆ ಬರುವ ಹುಡುಗರಲ್ಲಿ ಯಾರು ಮಿಂಚುತ್ತಾರೆ? ಎಲ್ಲರ ಬಾಯಲ್ಲೂ ಒಂದೇ ಉತ್ತರ: ಜೂನ್‌ನಲ್ಲಿ ಡ್ರಾಫ್ಟ್‌ನಲ್ಲಿ ಮೊದಲು ಹೆಸರು ಕೂಗಿಸಿಕೊಂಡ ಹುಡುಗ. ಡ್ರಾಫ್ಟ್ ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ನನ್ನ ಮಾತೆಲ್ಲ ಈ ಉತ್ತರದ ಮೇಲೆ. ಡ್ರಾಫ್ಟ್ ಆದ ಮೇಲೆ ಒಂದೆರಡು ವರ್ಷ ಬೇರೆ ಕಡೆ ಆಡಿ, ಮೈ ಗಟ್ಟಿ ಮಾಡಿಕೊಂಡು, ತಂಡದಲ್ಲಿ ಒಂದು ಒಳ್ಳೆಯ ಜಾಗ ಖಾಲಿಯಾದ ಹೊತ್ತಿಗೆ ಬರುವವನ ಮೇಲೆ ನಾನು ದುಡ್ಡು ಹಾಕುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಪ್ರಶಸ್ತಿ. ಫ್ರಾಂಕ್ ಕಾಲ್ಡರ್ ಎನ್‌ಎಚ್‌ಎಲ್‌ನ ಮೊದಲ ಅಧ್ಯಕ್ಷರು. 1917ರಿಂದ 1943ರಲ್ಲಿ ತೀರಿಕೊಳ್ಳುವವರೆಗೂ ಅವರೇ ಇದ್ದರು. ವರ್ಷದ ಅತ್ಯುತ್ತಮ ಹೊಸಬನಿಗೆ ಕೊಡುವ ಟ್ರೋಫಿಗೆ ಅವರ ಹೆಸರು. ವೋಟು ಹಾಕುವವರು ಹಾಕಿ ಪತ್ರಕರ್ತರು. ಒಬ್ಬೊಬ್ಬರು ಐದು ಹೆಸರು ಬರೆಯುತ್ತಾರೆ. ಪ್ಲೇಆಫ್, ಅಂದರೆ ಸೀಸನ್ ಕೊನೆಯ ನಾಕೌಟ್ ಹಂತ, ಶುರುವಾಗುವ ಮೊದಲೇ ವೋಟು ಮುಗಿದಿರುತ್ತದೆ. ಹಾಗಾಗಿ ಏಪ್ರಿಲ್ ಆದ ಮೇಲೆ ಹುಡುಗ ಏನು ಪವಾಡ ಮಾಡಿದರೂ ಲೆಕ್ಕಕ್ಕಿಲ್ಲ.

ಇನ್ನು ರೂಕಿ, ಅಂದರೆ ಹೊಸಬ, ಯಾರು ಅನ್ನುವುದು. ಇದು ಕೇಳುವುದಕ್ಕೆ ಸುಲಭ, ಆದರೆ ಪೂಲ್ ಸೋಲುವವರು ಇಲ್ಲೇ ಎಡವುತ್ತಾರೆ. 1979-80ರಲ್ಲಿ ವೇನ್ ಗ್ರೆಟ್ಸ್ಕಿ ಎನ್‌ಎಚ್‌ಎಲ್‌ಗೆ ಬಂದ ಮೊದಲ ವರ್ಷವೇ 137 ಪಾಯಿಂಟ್ ಮಾಡಿದ. ಗೋಲು ಮತ್ತು ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್) ಸೇರಿಸಿದರೆ ಪಾಯಿಂಟ್. ಲೀಗ್‌ನ ಅತ್ಯುತ್ತಮ ಆಟಗಾರ ಅನ್ನುವ ಹಾರ್ಟ್ ಟ್ರೋಫಿಯೂ ಸಿಕ್ಕಿತು. ಕಾಲ್ಡರ್ ಮಾತ್ರ ಬಾಸ್ಟನ್‌ನ ರೇ ಬೋರ್ಕ್‌ಗೆ ಹೋಯಿತು. ಹಿಂದಿನ ವರ್ಷ ಗ್ರೆಟ್ಸ್ಕಿ ಡಬ್ಲ್ಯುಎಚ್‌ಎ ಎನ್ನುವ ಇನ್ನೊಂದು ವೃತ್ತಿಪರ ಲೀಗ್‌ನಲ್ಲಿ ಆಡಿದ್ದ, ಹಾಗಾಗಿ ಹೊಸಬನಲ್ಲ ಅಂದರು. ಹತ್ತು ವರ್ಷ ಬಿಟ್ಟು ನೋಡಿ. 1990ರಲ್ಲಿ ಕಾಲ್ಡರ್ ಗೆದ್ದವನು ಕ್ಯಾಲ್ಗರಿಯ ಸೆರ್ಗೇ ಮಕಾರೊವ್. ವಯಸ್ಸು 31. ಸೋವಿಯತ್ ತಂಡದಲ್ಲಿ ವರ್ಷಾನುಗಟ್ಟಲೆ ಆಡಿ, ಒಲಿಂಪಿಕ್ ಚಿನ್ನ ಗೆದ್ದು ಬಂದವನು ಇಲ್ಲಿ ‘ಹೊಸ ಹುಡುಗ’! ಗಲಾಟೆ ಆಯಿತು, ಆಗಲೇಬೇಕಿತ್ತು. ಆಮೇಲೆ ನಿಯಮ ಬಂತು: ಸೆಪ್ಟೆಂಬರ್ 15ಕ್ಕೆ 26 ತುಂಬಿರಬಾರದು. ಜೊತೆಗೆ ಪಂದ್ಯಗಳ ಲೆಕ್ಕವೂ ಇದೆ. ಹಿಂದಿನ ಯಾವ ಸೀಸನ್‌ನಲ್ಲೂ 25ಕ್ಕಿಂತ ಜಾಸ್ತಿ ಪಂದ್ಯ ಆಡಿರಬಾರದು, ಎರಡು ಸೀಸನ್‌ಗಳಲ್ಲಿ ಆರಾರು ಪಂದ್ಯ ಆಡಿರಬಾರದು.

ಈ ನಿಯಮದ ಅಂಚಿನಲ್ಲೇ ನುಸುಳಿ ಬಂದವನು ಮೈಕಲ್ ಬಂಟಿಂಗ್. ಇದು ನಮ್ಮ ಟೊರಾಂಟೊ ಕತೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 2021-22ರಲ್ಲಿ ಮೇಪಲ್ ಲೀಫ್ಸ್ ಸೇರಿದ ಅವನು ಅರಿಝೋನಾ ಪರ ಒಂದು ಸೀಸನ್‌ನಲ್ಲಿ 5 ಪಂದ್ಯ, ಇನ್ನೊಂದರಲ್ಲಿ 21 ಪಂದ್ಯ ಆಡಿದ್ದ. ಒಂದು ಕಡೆ ಇನ್ನೊಂದೇ ಒಂದು ಪಂದ್ಯ ಆಡಿದ್ದರೆ ಹೊಸಬ ಅನ್ನುವ ಪಟ್ಟ ಹೋಗುತ್ತಿತ್ತು. ಹುಟ್ಟಿದ್ದು 1995ರ ಸೆಪ್ಟೆಂಬರ್ 17. ಅಂದರೆ ಸೆಪ್ಟೆಂಬರ್ 15ಕ್ಕೆ ಅವನಿಗೆ 26 ತುಂಬಲು ಎರಡು ದಿನ ಬಾಕಿ. ಆ ವರ್ಷ 63 ಪಾಯಿಂಟ್ ಮಾಡಿ ಹೊಸಬರಲ್ಲೇ ಮೊದಲಿಗನಾದ. ಅವನ ಸಾಲಿನಲ್ಲೇ, ಅಂದರೆ ಒಟ್ಟಿಗೆ ಐಸ್‌ಗೆ ಇಳಿಯುವ ಮೂವರು ಫಾರ್ವರ್ಡ್‌ಗಳ ಗುಂಪಿನಲ್ಲೇ, ಆಡುತ್ತಿದ್ದ ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದೂ ಸೆಪ್ಟೆಂಬರ್ 17ಕ್ಕೇ, 1997ರಲ್ಲಿ. ಅವನಿಗೆ ಅದೇ ಎರಡು ದಿನ ಉಲ್ಟಾ ಹೊಡೆಯಿತು. 2015ರ ಡ್ರಾಫ್ಟ್‌ಗೆ ಬೇಕಾದ ವಯಸ್ಸು ಎರಡು ದಿನದಲ್ಲಿ ತಪ್ಪಿ, ಒಂದು ವರ್ಷ ಕಾದ. ಆ ವರ್ಷ ಸುಮ್ಮನೆ ಕೂರದೆ ಸ್ವಿಟ್ಜರ್ಲೆಂಡಿನ ಝ್ಯೂರಿಕ್‌ಗೆ ಹೋಗಿ ದೊಡ್ಡವರ ಜೊತೆ ಆಡಿದ. ಕಾದಿದ್ದು ನಷ್ಟವಾಯಿತೇ ಲಾಭವಾಯಿತೇ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಬಂಟಿಂಗ್‌ಗೆ ಕಾಲ್ಡರ್ ಸಿಗಲಿಲ್ಲ. ಜಾಸ್ತಿ ಪಾಯಿಂಟ್ ಮಾಡಿದವನಿಗೇ ಟ್ರೋಫಿ ಅಂತ ಎಲ್ಲೂ ಬರೆದಿಲ್ಲ. 26ರ ಹೊಸ್ತಿಲಲ್ಲಿದ್ದವನು, ಪಕ್ಕದಲ್ಲಿ ಮ್ಯಾಥ್ಯೂಸ್ ಬೇರೆ. ವೋಟು ಹಾಕುವವರು ಇದನ್ನೆಲ್ಲ ನೋಡುತ್ತಾರೆ. ಟ್ರೋಫಿ ಡೆಟ್ರಾಯಿಟ್‌ನ ಡಿಫೆನ್ಸ್ ಆಟಗಾರ ಮೋರಿಟ್ಜ್ ಸೈಡರ್‌ಗೆ ಹೋಯಿತು, 50 ಪಾಯಿಂಟ್ ಮಾಡಿದವನಿಗೆ. ನನ್ನ ಪ್ರಕಾರ ಸರಿಯಾಗೇ ಹೋಯಿತು.

ಈಗ ಡ್ರಾಫ್ಟ್‌ನ ಮೊದಲ ಹೆಸರಿಗೆ ಬರೋಣ. 2011ರಿಂದ 2024ರವರೆಗೆ ಹದಿನಾಲ್ಕು ಹುಡುಗರು ಮೊದಲ ಆಯ್ಕೆಯಾದರು. ಅವರಲ್ಲಿ ಕಾಲ್ಡರ್ ಗೆದ್ದವರು ನಾಲ್ಕೇ ಜನ: ನೇಥನ್ ಮೆಕಿನನ್, ಆರನ್ ಎಕ್‌ಬ್ಲಾಡ್, ಮ್ಯಾಥ್ಯೂಸ್, ಕಾನರ್ ಬೆಡಾರ್ಡ್. ಉಳಿದ ಹತ್ತು ಜನರಲ್ಲಿ ಕಾನರ್ ಮೆಕ್‌ಡೇವಿಡ್ ಇದ್ದಾನೆ, ರಾಸ್ಮಸ್ ಡಾಲಿನ್ ಇದ್ದಾನೆ, ಜ್ಯಾಕ್ ಹ್ಯೂಸ್ ಇದ್ದಾನೆ. ಒಬ್ಬರೂ ಕಡಿಮೆಯವರಲ್ಲ. ಹ್ಯೂಸ್ 2019-20ರಲ್ಲಿ ನ್ಯೂಜರ್ಸಿಗೆ 61 ಪಂದ್ಯದಲ್ಲಿ 21 ಪಾಯಿಂಟ್ ಮಾಡಿದ. ಮೂರು ವರ್ಷ ಆದ ಮೇಲೆ ಅದೇ ಹುಡುಗ ಒಂದೇ ಸೀಸನ್‌ನಲ್ಲಿ 99. ಮೊದಲ ವರ್ಷ ಅವನನ್ನು ಪೂಲ್‌ನಲ್ಲಿ ತೆಗೆದುಕೊಂಡವರ ಮುಖ ನಾನು ನೋಡಿದ್ದೇನೆ, ಪಾಪ.

ಯಾಕೆ ಹೀಗಾಗುತ್ತದೆ? ಒಂದು, ಡ್ರಾಫ್ಟ್ ಮಾಡುವಾಗ ತಂಡಗಳು ಮುಂದಿನ ಹತ್ತು ವರ್ಷ ನೋಡುತ್ತವೆ, ನಾವು ಮುಂದಿನ ಆರು ತಿಂಗಳು ನೋಡುತ್ತೇವೆ. ಎರಡು, ಮೊದಲ ಆಯ್ಕೆ ಸಾಮಾನ್ಯವಾಗಿ ಸಿಗುವುದು ತೀರಾ ಕೆಳಗೆ ಬಿದ್ದ ತಂಡಗಳಿಗೆ. ಅಂಥ ತಂಡದಲ್ಲಿ ಹುಡುಗನಿಗೆ ಆಡಲು ಬೇಕಾದಷ್ಟು ಸಮಯ ಸಿಗುತ್ತದೆ, ಪಾಸ್ ಕೊಟ್ಟರೆ ಗೋಲು ಹೊಡೆಯುವವರು ಸಿಗುವುದಿಲ್ಲ. ಮೂರನೆಯದೇ ದೊಡ್ಡದು. ಹದಿನೆಂಟರ ಹುಡುಗನ ಮೈ ಇನ್ನೂ ಬೆಳೆಯುತ್ತಿರುತ್ತದೆ. ಎದುರಿಗೆ ಬರುವವನು ಮೂವತ್ತರ ಗಂಡಸು, ತೂಕ ನೂರು ಕೆಜಿ ಹತ್ತಿರ. ಅಂಗಳದ ಸುತ್ತಲಿನ ಬೋರ್ಡ್ ಪಕ್ಕ ಪಕ್‌ಗಾಗಿ ತಳ್ಳಾಟ ಶುರುವಾದರೆ ಎಷ್ಟು ಪ್ರತಿಭೆ ಇದ್ದರೂ ಹುಡುಗ ಗೋಡೆಗೆ ಅಂಟಿಕೊಳ್ಳುತ್ತಾನೆ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 1997ರ ಬಾಸ್ಟನ್. ಆ ವರ್ಷ ಡ್ರಾಫ್ಟ್‌ನಲ್ಲಿ ಅವರಿಗೆ ಮೊದಲ ಆಯ್ಕೆಯೂ ಇತ್ತು, ಎಂಟನೆಯದೂ ಇತ್ತು. ಮೊದಲನೆಯದರಲ್ಲಿ ಜೋ ಥಾರ್ನ್‌ಟನ್, ಒಂಟಾರಿಯೊದ ಹುಡುಗ, ಜೂನಿಯರ್ ಲೀಗ್‌ನ ದೊಡ್ಡ ಹೆಸರು. ಎಂಟನೆಯದರಲ್ಲಿ ಸೆರ್ಗೇ ಸಾಮ್ಸೊನೊವ್, ಕುಳ್ಳಗಿನ ರಷ್ಯನ್ ಹುಡುಗ. ಇಬ್ಬರೂ ಒಂದೇ ಅಕ್ಟೋಬರ್‌ನಲ್ಲಿ ಒಂದೇ ಡ್ರೆಸಿಂಗ್ ರೂಮಿಗೆ ಬಂದರು. ಕೋಚ್ ಪ್ಯಾಟ್ ಬರ್ನ್ಸ್ ಥಾರ್ನ್‌ಟನ್‌ನನ್ನು ಅಳೆದು ತೂಗಿ ಐಸ್‌ಗೆ ಬಿಟ್ಟರು. 55 ಪಂದ್ಯ, 3 ಗೋಲು, 4 ಅಸಿಸ್ಟ್. ಏಳೇ ಪಾಯಿಂಟ್! ಸಾಮ್ಸೊನೊವ್ 47 ಪಾಯಿಂಟ್ ಮಾಡಿ ಕಾಲ್ಡರ್ ಎತ್ತಿದ. ಅವನು ಡ್ರಾಫ್ಟ್‌ಗೆ ಮೊದಲಿನ ವರ್ಷವೇ ಡೆಟ್ರಾಯಿಟ್ ವೈಪರ್ಸ್ ಎನ್ನುವ ಮೈನರ್ ಲೀಗ್ ತಂಡದಲ್ಲಿ ದೊಡ್ಡವರ ಜೊತೆ ಆಡಿ ಬಂದಿದ್ದ. ಮುಂದೆ ಥಾರ್ನ್‌ಟನ್ 1,500ಕ್ಕೂ ಜಾಸ್ತಿ ಪಾಯಿಂಟ್ ಮಾಡಿದ, 2006ರಲ್ಲಿ ಹಾರ್ಟ್ ಟ್ರೋಫಿ ಗೆದ್ದ. ಬಾಸ್ಟನ್ ಮೊದಲ ಆಯ್ಕೆಯಲ್ಲಿ ತಪ್ಪು ಮಾಡಲಿಲ್ಲ. ಮೊದಲ ವರ್ಷದ ಮಟ್ಟಿಗೆ ಮಾತ್ರ ಎಂಟನೆಯವನು ತಯಾರಾಗಿದ್ದ, ಒಂದನೆಯವನು ಆಗಿರಲಿಲ್ಲ.

2010ರಿಂದ 2025ರವರೆಗಿನ ಹದಿನಾರು ವಿಜೇತರ ಪಟ್ಟಿ ಇಟ್ಟುಕೊಂಡು ಒಂದು ಸಂಜೆ ಕೂತಿದ್ದೆ. ಡ್ರಾಫ್ಟ್ ಆದ ವರ್ಷವೇ ನೇರವಾಗಿ ಬಂದು ಗೆದ್ದವರು ಆರು ಜನ: ಜೆಫ್ ಸ್ಕಿನ್ನರ್, ಗೇಬ್ರಿಯಲ್ ಲ್ಯಾಂಡೆಸ್ಕಾಗ್, ಮೆಕಿನನ್, ಎಕ್‌ಬ್ಲಾಡ್, ಮ್ಯಾಥ್ಯೂಸ್, ಬೆಡಾರ್ಡ್. ಆರರಲ್ಲಿ ಮ್ಯಾಥ್ಯೂಸ್‌ನದು ಝ್ಯೂರಿಕ್ ಕತೆ, ಈಗಷ್ಟೇ ಹೇಳಿದೆ. ಉಳಿದ ಹತ್ತೂ ಜನ ಬೇರೆ ಕಡೆ ಕಾದು ಬಂದವರು. ಎಲಿಯಾಸ್ ಪೆಟರ್‌ಸನ್ ಡ್ರಾಫ್ಟ್ ಆದ ಮೇಲೆ ಒಂದು ವರ್ಷ ಸ್ವೀಡನ್‌ನಲ್ಲೇ ಉಳಿದು, ಅಲ್ಲಿನ ದೊಡ್ಡ ಲೀಗ್‌ನಲ್ಲಿ 44 ಪಂದ್ಯಕ್ಕೆ 56 ಪಾಯಿಂಟ್ ಮಾಡಿ ಬಂದ. ಕೇಲ್ ಮಕಾರ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕಾಲೇಜ್ ಹಾಕಿ ಆಡಿ ಬಂದ. ಅಂದಹಾಗೆ ಇವನು ಮಕಾರ್, ಆ 31 ವರ್ಷದವನು ಮಕಾರೊವ್, ಗೊಂದಲ ಬೇಡ. ಸೈಡರ್ ಜರ್ಮನಿಯಿಂದ ಅಮೆರಿಕದ ಮೈನರ್ ಲೀಗ್, ಅಲ್ಲಿಂದ ಸ್ವೀಡನ್, ಆಮೇಲೆ ಡೆಟ್ರಾಯಿಟ್. ಕಿರಿಲ್ ಕಪ್ರಿಝೋವ್ 2015ರಲ್ಲಿ ಐದನೇ ಸುತ್ತಿನಲ್ಲಿ, 135ನೆಯವನಾಗಿ ಆಯ್ಕೆಯಾದವನು. ಬಂದು ಗೆದ್ದಿದ್ದು 2021ರಲ್ಲಿ. ಆರ್ಟೆಮಿ ಪನಾರಿನ್‌ನನ್ನಂತೂ ಡ್ರಾಫ್ಟ್‌ನಲ್ಲಿ ಯಾರೂ ಕೂಗಲೇ ಇಲ್ಲ.

ನಾವು ಪತ್ರಿಕೆಯಲ್ಲಿ ಈ ಜೂನ್‌ನ ಹೆಸರುಗಳನ್ನು ಓದುತ್ತಿರುತ್ತೇವೆ. ಓದಬೇಕಾದ್ದು ಎರಡು ಮೂರು ವರ್ಷ ಹಿಂದಿನ ಜೂನ್‌ನ ಪಟ್ಟಿ. ಅದರಲ್ಲಿ ಇನ್ನೂ ಎನ್‌ಎಚ್‌ಎಲ್‌ಗೆ ಬರದೆ ಎಲ್ಲೋ ಆಡುತ್ತಿರುವವರು ಯಾರು ಅಂತ ಹುಡುಕಬೇಕು.

ಎಲ್ಲೋ ಆಡುತ್ತಿದ್ದಾನೆ ಸರಿ, ಅಲ್ಲಿನ ಪಾಯಿಂಟ್‌ಗೆ ಇಲ್ಲಿ ಬೆಲೆ ಎಷ್ಟು? ರಣಜಿಯಲ್ಲಿ ಹೊಡೆದ ರನ್ನು ಟೆಸ್ಟ್‌ನಲ್ಲಿ ಅಷ್ಟಕ್ಕಷ್ಟೇ ಬರುವುದಿಲ್ಲ ಅನ್ನುವುದು ನಮಗೆ ಗೊತ್ತೇ ಇದೆ, ಇಲ್ಲೂ ಹಾಗೇ. ಲೆಕ್ಕ ಇಷ್ಟಪಡುವವರು ಪ್ರತಿ ಲೀಗ್‌ಗೂ ಒಂದು ಗುಣಕ ಇಟ್ಟುಕೊಂಡಿರುತ್ತಾರೆ. ನಾನು ಅಷ್ಟು ಆಳಕ್ಕೆ ಹೋಗುವುದಿಲ್ಲ, ಕಣ್ಣಿಗೆ ಕಾಣುವ ನಾಲ್ಕು ಹೆಸರು ಸಾಕು. ಬೆಡಾರ್ಡ್ ಜೂನಿಯರ್‌ನ ಕೊನೆಯ ವರ್ಷ ರೆಜೈನಾ ತಂಡಕ್ಕೆ 57 ಪಂದ್ಯದಲ್ಲಿ 143 ಪಾಯಿಂಟ್ ಮಾಡಿದ, ಅಂದರೆ ಪಂದ್ಯಕ್ಕೆ ಎರಡೂವರೆ. ಎನ್‌ಎಚ್‌ಎಲ್‌ಗೆ ಬಂದಾಗ ಅದು 0.9ಕ್ಕೆ ಇಳಿಯಿತು. ಮೆಕ್‌ಡೇವಿಡ್‌ನದೂ ಜೂನಿಯರ್‌ನಲ್ಲಿ ಎರಡೂವರೆ ಚಿಲ್ಲರೆ, ಇಲ್ಲಿ 1.07. ಈಗ ರಷ್ಯಾದ ಕೆಎಚ್‌ಎಲ್ ನೋಡಿ. ಪನಾರಿನ್ ಅಲ್ಲಿನ ಕೊನೆಯ ವರ್ಷ 54 ಪಂದ್ಯಕ್ಕೆ 62 ಪಾಯಿಂಟ್, ಕಪ್ರಿಝೋವ್ 57 ಪಂದ್ಯಕ್ಕೆ ಅದೇ 62. ಇಲ್ಲಿಗೆ ಬಂದ ಮೇಲೆ ಒಬ್ಬ ಪಂದ್ಯಕ್ಕೆ 0.96, ಇನ್ನೊಬ್ಬ 0.93. ಹೆಚ್ಚುಕಡಿಮೆ ಅಲ್ಲಿ ಮಾಡಿದ್ದನ್ನೇ ಇಲ್ಲೂ ಮಾಡಿದರು. ಜೂನಿಯರ್‌ನ ನೂರಾ ನಲವತ್ತು ನೋಡಿ ಬಾಯಿ ಬಿಡುವವರು ದೊಡ್ಡವರ ಲೀಗ್‌ನ ಅರವತ್ತೆರಡನ್ನು ಗಮನಿಸುವುದೇ ಇಲ್ಲ.

ತಯಾರಾದ ಹುಡುಗ ಸಿಕ್ಕ. ಇನ್ನು ಜಾಗ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಹೊಸಬನ ಹೆಸರು ನೋಡುವ ಮೊದಲು ತಂಡದಲ್ಲಿ ಬೇಸಿಗೆಯಲ್ಲಿ ಯಾರು ಬಿಟ್ಟು ಹೋದರು ಅಂತ ನೋಡುತ್ತೇನೆ. 2018ರ ವಸಂತದಲ್ಲಿ ವ್ಯಾಂಕೂವರ್‌ನ ಸೆಡೀನ್ ಅವಳಿ ಸಹೋದರರು ನಿವೃತ್ತರಾದರು. ಹದಿನೇಳು ಸೀಸನ್ ಅವರದೇ ಆಟ, ಅವರದೇ ಪವರ್ ಪ್ಲೇ. ಒಂದೇ ದಿನ ಎರಡು ದೊಡ್ಡ ಜಾಗ ಖಾಲಿ. ಅದೇ ಅಕ್ಟೋಬರ್‌ನಲ್ಲಿ ಪೆಟರ್‌ಸನ್ ಬಂದ. ಮಧ್ಯೆ ತಲೆಗೆ ಪೆಟ್ಟು ಬಿದ್ದು ಕೆಲವು ಪಂದ್ಯ ತಪ್ಪಿದರೂ 71 ಪಂದ್ಯಕ್ಕೆ 66 ಪಾಯಿಂಟ್, ಕಾಲ್ಡರ್ ಕೈಯಲ್ಲಿ. ಅವನು ಒಂದು ವರ್ಷ ಮೊದಲು ಬಂದಿದ್ದರೆ ಮೂರನೇ ಸಾಲಿನಲ್ಲಿ ಹನ್ನೆರಡು ನಿಮಿಷ ಆಡಿಕೊಂಡು ಇರುತ್ತಿದ್ದ ಅಂತ ನನ್ನ ಲೆಕ್ಕ.

ಪವರ್ ಪ್ಲೇ ಅಂದೆ. ಗೊತ್ತಿಲ್ಲದವರಿಗೆ: ಎದುರಾಳಿ ತಪ್ಪು ಮಾಡಿ ಎರಡು ನಿಮಿಷ ಪೆನಾಲ್ಟಿ ಪೆಟ್ಟಿಗೆಯಲ್ಲಿ ಕೂತರೆ ನಮ್ಮವರು ಐದು, ಅವರು ನಾಲ್ಕು. ಒಂದು ತಂಡದಲ್ಲಿ ಇದಕ್ಕೆ ಎರಡು ಗುಂಪು ಇರುತ್ತವೆ. ಎರಡು ನಿಮಿಷದಲ್ಲಿ ಜಾಸ್ತಿ ಹೊತ್ತು ಆಡುವುದು ಮೊದಲ ಗುಂಪು. ಆ ಐದು ಜನರಲ್ಲಿ ಹೊಸಬ ಇದ್ದಾನಾ ಇಲ್ಲವಾ ಅನ್ನುವುದು ಅರ್ಧ ಉತ್ತರ.

ಮಾಂಟ್ರಿಯಾಲ್‌ನ ಲೇನ್ ಹಟ್ಸನ್‌ನನ್ನು ನೋಡಿ. 2022ರಲ್ಲಿ 62ನೆಯವನಾಗಿ ಆಯ್ಕೆಯಾದವನು. ಎತ್ತರ ಐದಡಿ ಒಂಬತ್ತು ಇಂಚು, ಡಿಫೆನ್ಸ್ ಆಟಗಾರನಿಗೆ ಅದು ತೀರಾ ಕಡಿಮೆ ಅಂತ ತಂಡಗಳು ಹಿಂದೆ ಸರಿದವು. ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಆಡಿ ಬಂದ. 2024-25ರಲ್ಲಿ ಪವರ್ ಪ್ಲೇ ನಡೆಸುವ ಕೆಲಸ ಅವನ ಪಾಲಿಗೆ ಬಂತು. ಎದುರಾಳಿಯ ಭಾಗ ಶುರುವಾಗುವ ನೀಲಿ ಗೆರೆಯ ಹತ್ತಿರ ಪಕ್ ಅವನ ಕೋಲಿಗೆ ಬಂದಾಗ ಏನಾಗುತ್ತದೆ ಅಂತ ಒಮ್ಮೆ ಗಮನಿಸಿ. ಎದುರಿನವನು ಶಾಟ್ ತಡೆಯಲು ಮೇಲೆ ಬರುತ್ತಾನೆ. ಇವನು ಶಾಟ್ ಹೊಡೆಯುವುದಿಲ್ಲ. ಭುಜ ಎಡಕ್ಕೆ ವಾಲಿಸುತ್ತಾನೆ, ಎದುರಿನವನ ತೂಕ ಆ ಕಡೆಗೆ ಹೋಗುತ್ತದೆ, ಅಷ್ಟರಲ್ಲಿ ಇವನ ಸ್ಕೇಟು ಬಲಕ್ಕೆ ತಿರುಗಿ ಆಗಿರುತ್ತದೆ. ಈಗ ಪಾಸ್ ಕೊಡಲು ಒಂದು ಸಂದು ತೆರೆದಿದೆ. ಅಸಿಸ್ಟ್ ಹುಟ್ಟುವುದು ಅಲ್ಲಿ. ಆ ಸೀಸನ್ ಅವನು ಹೊಡೆದ ಗೋಲು 6, ಅಸಿಸ್ಟ್ 60. ಡಿಫೆನ್ಸ್ ಹೊಸಬನೊಬ್ಬ ಅಷ್ಟು ಅಸಿಸ್ಟ್ ಮಾಡಿದ್ದು 1980-81ರಲ್ಲಿ ಲ್ಯಾರಿ ಮರ್ಫಿ ಮಾತ್ರ. ಹಟ್ಸನ್ ಪಂದ್ಯಕ್ಕೆ 22 ನಿಮಿಷಕ್ಕಿಂತ ಜಾಸ್ತಿ ಐಸ್ ಮೇಲಿದ್ದ, 82 ಪಂದ್ಯವನ್ನೂ ಆಡಿದ. ಅದೇ ವರ್ಷ ಮೊದಲ ಆಯ್ಕೆಯಾಗಿ ಬಂದಿದ್ದ ಸ್ಯಾನ್ ಹೋಸೆಯ ಮ್ಯಾಕ್ಲಿನ್ ಸೆಲೆಬ್ರೀನಿ ಗಾಯದಿಂದ ಒಂದು ಡಜನ್ ಪಂದ್ಯ ತಪ್ಪಿಸಿಕೊಂಡು 70ರಲ್ಲಿ 63 ಪಾಯಿಂಟ್ ಮಾಡಿದ. ಹುಡುಗ ಅದ್ಭುತ, ಆದರೆ ಟ್ರೋಫಿ 62ನೆಯವನಿಗೆ.

ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದೂ ಜಾಗದ ಮಾತೇ. ಪನಾರಿನ್ ಶಿಕಾಗೊಗೆ ಬಂದ ವರ್ಷ ಅವನ ಸಾಲಿನಲ್ಲಿದ್ದ ಪ್ಯಾಟ್ರಿಕ್ ಕೇನ್ 106 ಪಾಯಿಂಟ್ ಮಾಡಿ ಇಡೀ ಲೀಗ್‌ಗೆ ಮೊದಲಿಗನಾದ. ಪನಾರಿನ್‌ಗೆ 77. ಯಾರು ಯಾರನ್ನು ಎತ್ತಿದರು ಅಂತ ಆಗ ದೊಡ್ಡ ವಾದ ನಡೆಯಿತು. ಮುಂದೆ ಪನಾರಿನ್ ಕೊಲಂಬಸ್‌ಗೆ ಹೋಗಿ, ಕೇನ್ ಇಲ್ಲದೆಯೂ 82 ಪಾಯಿಂಟ್ ಮಾಡಿದ. ವಾದ ಅಲ್ಲಿಗೆ ಮುಗಿಯಿತು.

ಸೀಸನ್ ಶುರುವಾದ ಮೇಲಿನ ಒಂದು ಕಾಯಿಲೆ ಬಗ್ಗೆ ಹೇಳಬೇಕು. ಅಕ್ಟೋಬರ್‌ನಲ್ಲಿ ಮೂರು ಗೋಲು ಹೊಡೆದವನ ಹಿಂದೆ ಓಡುವ ಕಾಯಿಲೆ. 2016ರ ಅಕ್ಟೋಬರ್ 12, ಒಟ್ಟಾವಾದಲ್ಲಿ ಮ್ಯಾಥ್ಯೂಸ್‌ನ ಮೊದಲ ಪಂದ್ಯ. ಇಲ್ಲಿರುವ ಅರ್ಧ ಜನ ಅದನ್ನು ನೋಡಿದ್ದೀರಿ. ನಾಲ್ಕು ಗೋಲು. ಎರಡನೆಯದಕ್ಕಂತೂ ಒಟ್ಟಾವಾದ ಒಬ್ಬೊಬ್ಬರನ್ನೇ ದಾಟಿಕೊಂಡು ಹೋದ, ಎರಿಕ್ ಕಾರ್ಲ್‌ಸನ್‌ನಂಥವನ ಹತ್ತಿರವೇ ಪಕ್ ಕಸಿದುಕೊಂಡು. ಅಷ್ಟಾದರೂ ಟೊರಾಂಟೊ ಓವರ್‌ಟೈಮ್‌ನಲ್ಲಿ 5-4ರಿಂದ ಸೋತಿತು. ಕೊನೆಯ ಗೋಲು ಬಿದ್ದಿದ್ದು ತಾನು ಕಾಯಬೇಕಿದ್ದವನನ್ನು ಬಿಟ್ಟಿದ್ದಕ್ಕೆ ಅಂತ ಮ್ಯಾಥ್ಯೂಸ್ ಆಮೇಲೆ ಒಪ್ಪಿಕೊಂಡ. ಟೊರಾಂಟೊ ಊರೇ ಹುಚ್ಚೆದ್ದು ಹೋಯಿತು. ಸ್ವಲ್ಪ ದಿನಕ್ಕೆ ಏನಾಯಿತು ನೆನಪಿದೆಯಾ? ಸತತ 13 ಪಂದ್ಯ ಒಂದೂ ಗೋಲು ಇಲ್ಲ. ಅಕ್ಟೋಬರ್‌ನಲ್ಲಿ ಕೊಂಡಾಡಿದವರೇ ನವೆಂಬರ್‌ನಲ್ಲಿ ಗೊಣಗಿದರು. ಆದರೆ ಆ ಬರಗಾಲದಲ್ಲೂ ಅವನು ಗೋಲಿನ ಕಡೆಗೆ ಶಾಟ್ ಹೊಡೆಯುವುದು ಬಿಡಲಿಲ್ಲ. ಸೀಸನ್ ಮುಗಿದಾಗ 279 ಶಾಟ್, 40 ಗೋಲು, ಕಾಲ್ಡರ್.

ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದ ಹೆಸರು ಫೇಬಿಯನ್ ಬ್ರುನ್‌ಸ್ಟ್ರಮ್. 2008ರಲ್ಲಿ ಡಲಾಸ್ ಪರ ಮೊದಲ ಪಂದ್ಯದಲ್ಲೇ ಹ್ಯಾಟ್ರಿಕ್. ಆ ವರ್ಷ ಒಟ್ಟು 17 ಗೋಲು, ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಟ್ಟು ನೂರು ಚಿಲ್ಲರೆ ಪಂದ್ಯ, ಅಷ್ಟೇ. ಹಾಗಾಗಿ ಮೊದಲ ತಿಂಗಳು ಗೋಲು ಎಣಿಸಬೇಡಿ. ಶಾಟ್ ಎಷ್ಟು, ಐಸ್ ಮೇಲೆ ನಿಮಿಷ ಎಷ್ಟು, ತಂಡ ಒಂದು ಗೋಲು ಹಿಂದಿದ್ದಾಗ ಕೊನೆಯ ಎರಡು ನಿಮಿಷಕ್ಕೆ ಕೋಚ್ ಇವನನ್ನು ಬಿಡುತ್ತಾರಾ, ಇಷ್ಟು ನೋಡಿ. ಲೀಗ್‌ನಲ್ಲಿ ಒಟ್ಟಾರೆ ಹತ್ತು ಶಾಟ್‌ಗೆ ಒಂದು ಗೋಲು. ಹೊಸಬ ಒಬ್ಬ ಹದಿನೈದು ಶಾಟ್‌ಗೆ ಐದು ಗೋಲು ಹೊಡೆದಿದ್ದರೆ ಖುಷಿಪಡಿ, ಪೂಲ್‌ನಲ್ಲಿ ಬೆಲೆ ಕೊಡಬೇಡಿ. ಇದಕ್ಕೂ ಅಪವಾದ ಇದೆ, ವಿನಿಪೆಗ್‌ನ ಪ್ಯಾಟ್ರಿಕ್ ಲೈನೆ. ಅದೇ 2016-17ರಲ್ಲಿ ಬರೀ 204 ಶಾಟ್‌ಗೆ 36 ಗೋಲು. ಅದೃಷ್ಟ ಅಂದವರಿಗೆ ಮುಂದಿನ ವರ್ಷ 44 ಹೊಡೆದು ತೋರಿಸಿದ. ಅಂಥ ಕೈ ಹತ್ತು ವರ್ಷಕ್ಕೊಂದು ಬರುತ್ತದೆ.

ಗಾಯದ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ, ಅದನ್ನು ಯಾರೂ ಊಹಿಸಲಾರರು. 2015ರ ನವೆಂಬರ್ 3ರಂದು ಮೆಕ್‌ಡೇವಿಡ್ ಬೋರ್ಡ್‌ಗೆ ಅಪ್ಪಳಿಸಿ ಕೊರಳೆಲುಬು ಮುರಿದುಕೊಂಡ. 37 ಪಂದ್ಯ ಹೋಯಿತು. ಉಳಿದ 45ರಲ್ಲಿ 48 ಪಾಯಿಂಟ್ ಮಾಡಿದರೂ ವೋಟಿನಲ್ಲಿ ಮೂರನೆಯವನು. 2024ರ ಜನವರಿಯಲ್ಲಿ ಬೆಡಾರ್ಡ್‌ನ ದವಡೆ ಮುರಿಯಿತು, 14 ಪಂದ್ಯ ಹೋಯಿತು, ಆದರೂ ಗೆದ್ದ. ಎಷ್ಟು ಪಂದ್ಯ ತಪ್ಪಿದರೆ ಕ್ಷಮಿಸುತ್ತಾರೆ ಅನ್ನುವುದಕ್ಕೆ ಈ ಎರಡರ ಮಧ್ಯೆ ಎಲ್ಲೋ ಒಂದು ಗೆರೆ ಇದೆ.

ಇನ್ನು ಗೋಲಿಗಳು, ಅಂದರೆ ಗೋಲು ಕಾಯುವವರು. 2009ರಲ್ಲಿ ಕೊಲಂಬಸ್‌ನ ಸ್ಟೀವ್ ಮೇಸನ್ ಗೆದ್ದ ಮೇಲೆ 2025ರವರೆಗೆ ಒಬ್ಬ ಗೋಲಿಗೂ ಕಾಲ್ಡರ್ ಸಿಕ್ಕಿಲ್ಲ. 2019ರ ಜಾರ್ಡನ್ ಬಿನಿಂಗ್ಟನ್ ನೆನಪಿಸಿಕೊಳ್ಳಿ. ಜನವರಿ ಮೊದಲ ವಾರ ಸೇಂಟ್ ಲೂಯಿಸ್ ಇಡೀ ಲೀಗ್‌ನಲ್ಲಿ ಕಟ್ಟಕಡೆ. 7ನೇ ತಾರೀಖು ಇವನು ಮೊದಲ ಸಲ ಶುರುವಿನಿಂದ ಗೋಲು ಕಾಯಲು ನಿಂತ, ಫಿಲಡೆಲ್ಫಿಯಾಗೆ ಒಂದೂ ಗೋಲು ಬಿಡಲಿಲ್ಲ. ಅಲ್ಲಿಂದ ತಂಡ ಎದ್ದು ಬಂದು ಜೂನ್‌ನಲ್ಲಿ ಪ್ಲೇಆಫ್ ಗೆದ್ದವರಿಗೆ ಸಿಗುವ ಸ್ಟಾನ್ಲಿ ಕಪ್ ಎತ್ತಿತು. ಅಷ್ಟಾದರೂ ಅವನು ಎರಡನೆಯವನು, ಯಾಕೆಂದರೆ ಅರ್ಧ ಸೀಸನ್ ಮಾತ್ರ ಆಡಿದ್ದ, ಪ್ಲೇಆಫ್ ಲೆಕ್ಕಕ್ಕಿಲ್ಲ. 2011ರಲ್ಲಿ ಆಯ್ಕೆಯಾದ ಹುಡುಗನ ಹೆಸರನ್ನು 2018ರ ಸೆಪ್ಟೆಂಬರ್‌ನಲ್ಲಿ ಯಾರ ಪೂಲ್‌ನಲ್ಲೂ ನಾನು ಕೇಳಿರಲಿಲ್ಲ. ಗೋಲಿ ಅನ್ನುವ ಜಾತಿಯೇ ಹಾಗೆ, ಮೊದಲೇ ಗೊತ್ತಾಗುವುದಿಲ್ಲ. ಒಂದು ತಮಾಷೆ ಕೇಳಿ. ಕೆನ್ ಡ್ರೈಡನ್ 1971ರಲ್ಲಿ ಮಾಂಟ್ರಿಯಾಲ್ ಪರ ಬರೀ ಆರು ಪಂದ್ಯ ಆಡಿ ಪ್ಲೇಆಫ್‌ಗೆ ಇಳಿದು, ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. ಕಾಲ್ಡರ್ ಗೆದ್ದಿದ್ದು ಅದರ ಮುಂದಿನ ವರ್ಷ!

ಪ್ರಶ್ನೆಗಳಿಗೆ ಬರೋಣ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಸರ್, ಈಗಿನವರೆಲ್ಲ ಅರವತ್ತು ಎಪ್ಪತ್ತು ಪಾಯಿಂಟ್. ಸೆಲಾನೆ 132 ಹೇಗೆ ಮಾಡಿದ?” ಟೀಮು ಸೆಲಾನೆ, 1992-93, ವಿನಿಪೆಗ್, 76 ಗೋಲು. ಮೈಕ್ ಬಾಸಿಯ 53 ಗೋಲಿನ ದಾಖಲೆ ಮುರಿದ ದಿನ ಕೈಗವಸು ಮೇಲಕ್ಕೆಸೆದು ಕೋಲನ್ನೇ ಬಂದೂಕು ಮಾಡಿ ಹೊಡೆದನಲ್ಲ, ಅವನೇ. ಆ ವರ್ಷ ಪಂದ್ಯಕ್ಕೆ ಸರಾಸರಿ ಏಳಕ್ಕೂ ಜಾಸ್ತಿ ಗೋಲು ಬೀಳುತ್ತಿತ್ತು. 2003-04ರ ಹೊತ್ತಿಗೆ ಅದು ಐದಕ್ಕೆ ಇಳಿದಿತ್ತು. ಹಾಗಂತ ಕಾಲದಿಂದಲೇ ಆಯಿತು ಅಂದರೆ ಅನ್ಯಾಯ, 76 ಅಂದರೆ 76. ಆದರೆ ನನ್ನ ವಾದಕ್ಕೆ ಅವನೂ ಸಾಕ್ಷಿಯೇ. ಡ್ರಾಫ್ಟ್ ಆಗಿದ್ದು 1988ರಲ್ಲಿ, ಬಂದಿದ್ದು ನಾಲ್ಕು ವರ್ಷ ಫಿನ್‌ಲೆಂಡ್‌ನಲ್ಲಿ ಆಡಿ, 22ನೇ ವಯಸ್ಸಿನಲ್ಲಿ.

ಹೈಸ್ಕೂಲ್ ಹುಡುಗಿಯೊಬ್ಬಳು ಕೇಳಿದಳು: “ಅಂಕಲ್, ಕೆಲವರು ಒಂಬತ್ತು ಪಂದ್ಯ ಆಡಿ ಮಾಯ ಆಗ್ತಾರಲ್ಲ, ಯಾಕೆ?” ಒಳ್ಳೆಯ ಪ್ರಶ್ನೆ ಪುಟ್ಟಾ, ನಾನೇ ಮರೆತಿದ್ದೆ. ಹದಿನೆಂಟು ಹತ್ತೊಂಬತ್ತರ ಹುಡುಗನನ್ನು ಹತ್ತನೇ ಪಂದ್ಯಕ್ಕೆ ಇಳಿಸಿದರೆ ಅವನ ಮೊದಲ ಒಪ್ಪಂದದ ಒಂದು ವರ್ಷ ಖರ್ಚಾಯಿತು ಅಂತ ಲೆಕ್ಕ. ಒಂಬತ್ತಕ್ಕೆ ನಿಲ್ಲಿಸಿ ಜೂನಿಯರ್‌ಗೆ ವಾಪಸ್ ಕಳಿಸಿದರೆ ಆ ವರ್ಷ ಉಳಿಯುತ್ತದೆ. ಹಾಗಾಗಿ ಅಕ್ಟೋಬರ್ ಕೊನೆಯಲ್ಲಿ ಪತ್ರಿಕೆ ನೋಡಬೇಕು. ಕೆಲವು ತಂಡಗಳು ಅದನ್ನೂ ದಾಟಿ ಆಮೇಲೆ ಮನಸ್ಸು ಬದಲಾಯಿಸುತ್ತವೆ. ಲಿಯಾನ್ ಡ್ರೈಸೈಟಲ್‌ನನ್ನು ಎಡ್ಮಂಟನ್ 37 ಪಂದ್ಯ ಆಡಿಸಿ ವಾಪಸ್ ಕಳಿಸಿತು. 9 ಪಾಯಿಂಟ್ ಮಾಡಿದ್ದ. ಅದೇ ಡ್ರೈಸೈಟಲ್ 2020ರಲ್ಲಿ ಹಾರ್ಟ್ ಗೆದ್ದ.

ಕೊನೆಗೆ ನಮ್ಮ ಸಂಘದ ಹಿರಿಯರೊಬ್ಬರು, ಪೂಲ್‌ನಲ್ಲಿ ಪ್ರತಿ ವರ್ಷ ದುಡ್ಡು ಕಟ್ಟುವವರು, ನೇರವಾಗಿ ಕೇಳಿದರು: “ಅದೆಲ್ಲ ಇರಲಿ ಮಾರಾಯ್ರೆ, ನಾನು ಯಾರನ್ನು ಹಾಕ್ಲಿ?” ಹೆಸರು ಹೇಳಿದರೆ ಆಮೇಲೆ ಊಟದ ಹೊತ್ತಿಗೆ ನನ್ನನ್ನು ಹಿಡಿದುಕೊಳ್ಳುತ್ತೀರಿ, ಹಾಗಾಗಿ ದಾರಿ ಹೇಳುತ್ತೇನೆ. ಕಾಲ್ಡರ್ ಬೇರೆ, ಪೂಲ್ ಬೇರೆ. ಪೂಲ್‌ನಲ್ಲಿ ಬರೀ ಪಾಯಿಂಟ್ ಎಣಿಸುವುದಾದರೆ 22 ನಿಮಿಷ ಚೆನ್ನಾಗಿ ಗೋಲು ಕಾಪಾಡಿದ್ದಕ್ಕೆ ಏನೂ ಸಿಗುವುದಿಲ್ಲ. 2023-24ರಲ್ಲಿ ಮಿನೆಸೋಟಾದ ಬ್ರಾಕ್ ಫೇಬರ್ ಪಂದ್ಯಕ್ಕೆ 25 ನಿಮಿಷ ಹತ್ತಿರ ಆಡಿ ಕಾಲ್ಡರ್‌ನ ಕೊನೆಯ ಮೂವರಲ್ಲಿ ಒಬ್ಬನಾದ, ಪೂಲ್‌ನಲ್ಲಿ ಅವನನ್ನು ಇಟ್ಟುಕೊಂಡವರಿಗೆ ಅಂಥ ಲಾಭ ಆಗಲಿಲ್ಲ. ನೀವು ಫಾರ್ವರ್ಡ್ ನೋಡಿ. ವಯಸ್ಸು ಇಪ್ಪತ್ತು ದಾಟಿರಲಿ, ಸ್ವೀಡನ್ನೋ ರಷ್ಯಾವೋ ಕಾಲೇಜೋ, ಎಲ್ಲಾದರೂ ದೊಡ್ಡವರ ಜೊತೆ ಒಂದು ಪೂರ್ತಿ ವರ್ಷ ಆಡಿರಲಿ. ಸೆಪ್ಟೆಂಬರ್‌ನ ಅಭ್ಯಾಸ ಪಂದ್ಯದಲ್ಲಿ ಅವನು ಹೊಡೆದ ಗೋಲು ಬಿಡಿ, ಪವರ್ ಪ್ಲೇ ಬಂದಾಗ ಕೋಚ್ ಅವನನ್ನು ಯಾವ ಗುಂಪಿನಲ್ಲಿ ಇಳಿಸುತ್ತಾರೆ ಅಂತ ನೋಡಿ. ಮೊದಲ ಗುಂಪಾದರೆ ಆರನೇ ಏಳನೇ ಸುತ್ತಿನಲ್ಲಿ ತೆಗೆದುಕೊಳ್ಳಿ, ಅದಕ್ಕಿಂತ ಮೊದಲು ಬೇಡ. ಈ ವರ್ಷದ ಮೊದಲ ಆಯ್ಕೆಯ ಹುಡುಗನನ್ನು ಎರಡನೇ ಸುತ್ತಿನಲ್ಲೇ ಹಾರಿ ಹಿಡಿಯುವವರು ನಿಮ್ಮ ಆಫೀಸಿನಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಬಿಟ್ಟುಕೊಡಿ.